ಮೂಗಿನ ಹಿಂದಿನ ಚೆಂಡು

ಗೂಟ ಎಂಬ ಅಡ್ಡಹೆಸರು ಅವನಿಗೆ ಅಂಟಿಕೊಂಡದ್ದು ಪ್ರಾಂತ್ಯದ ತಂಡಕ್ಕೆ ಆಡಿದ ಮೊದಲ ಮ್ಯಾಚಿನಲ್ಲೇ. ಬೆಳಿಗ್ಗೆ ಓಪನರ್ ಆಗಿ ಇಳಿದವನು ಸಂಜೆಯಾದರೂ ಕದಲಲಿಲ್ಲ. ರನ್ನು ಎಷ್ಟು ಹೊಡೆದ ಎಂದು ಮಾತ್ರ ಕೇಳಬೇಡಿ. ನೋಡಲು ಬಂದಿದ್ದವರಲ್ಲಿ ಅರ್ಧ ಜನ ಮನೆಗೆ ಹೋಗಿ, ಉಂಡು, ಒಂದು ನಿದ್ದೆ ಮುಗಿಸಿ ಬಂದರೂ ಅವನು ಹಾಗೇ ನಿಂತಿದ್ದ. "ಇವನ್ಯಾರಪ್ಪಾ, ಹೂತಿಟ್ಟ ಗೂಟ!" ಎಂದು ಎದುರು ತಂಡದ ವಿಕೆಟ್ ಕೀಪರ್ ಗೊಣಗಿದ. ಅಷ್ಟೇ, ಹೆತ್ತವರು ಇಟ್ಟ ಹೆಸರು ಅಂದಿಗೆ ಸತ್ತಿತು. ಮುಂದೆ ಅವನು ಕೋಚ್ ಆದಾಗಲೂ ಗೂಟ ಮಾಸ್ತರೇ ಆದ.

ಗೂಟನಿಗೆ ಒಂದು ಗುಟ್ಟಿತ್ತು. ಅವನ ಎಡಗಣ್ಣು ಹುಟ್ಟಿದಾಗಿನಿಂದ ಸೋಮಾರಿ, ಎಲ್ಲವನ್ನೂ ಮಂಜಾಗಿಯೇ ತೋರಿಸುತ್ತಿತ್ತು. ಕನ್ನಡಕ ಹಾಕಿದರೂ ಅಷ್ಟೇ, ತೆಗೆದರೂ ಅಷ್ಟೇ. ಅವನ ತಾಯಿಗೂ ಹಾಗೇ ಇತ್ತು, ಅಕ್ಕನಿಗೂ ಇತ್ತು. ಅಕ್ಕ ಹೊಲಿಗೆಯವಳು, ಒಂದು ಕಣ್ಣಲ್ಲೇ ಊರಿನ ಅರ್ಧ ಬಟ್ಟೆ ಹೊಲಿದುಹಾಕುತ್ತಿದ್ದಳು. ಹೊಲಿಗೆಗೆ ಒಂದು ಕಣ್ಣು ಸಾಕು. ಬ್ಯಾಟಿಂಗಿಗೆ ಸಾಲದು. ಅವನು ಬಲಗೈ ಆಟಗಾರ, ಬ್ಯಾಟು ಹಿಡಿದು ಅಡ್ಡಲಾಗಿ ನಿಂತರೆ ಮುಂದಿನ ಕಣ್ಣು ಎಡಗಣ್ಣೇ. ಅದೇ ಮಂಜಾದರೆ ಗತಿಯೇನು? ಗೂಟ ಅದಕ್ಕೂ ಒಂದು ದಾರಿ ಮಾಡಿಕೊಂಡಿದ್ದ. ಕಾಲನ್ನು ಒಂದಿಷ್ಟು ತೆರೆದು, ಗದ್ದವನ್ನು ಎಡಭುಜದ ಮೇಲೆ ಒತ್ತಿಟ್ಟು, ಮುಖವನ್ನು ಪೂರ್ತಿ ಬೌಲರ್ ಕಡೆ ತಿರುಗಿಸಿ ಬಲಗಣ್ಣಿನಿಂದ ನೋಡುತ್ತಿದ್ದ. ಬಲಗೈ ಬೌಲರ್ ಯಾರೇ ಬರಲಿ, ಚೆಂಡು ಕಾಣುತ್ತಿತ್ತು. ಆದರೆ ಎಡಗೈ ವೇಗಿ ಬಂದರೆ ಚೆಂಡು ಇನ್ನೂ ಆಚೆಯಿಂದ, ಎಡಗಡೆಯಿಂದ ಹೊರಡುತ್ತದೆ. ಆಗ ಅವನ ಮೂಗೇ ಅವನಿಗೆ ಅಡ್ಡ. ಚೆಂಡು ಒಂದು ಕ್ಷಣ ಮಾಯವಾಗಿ, ಮತ್ತೆ ಕಾಣುವಷ್ಟರಲ್ಲಿ ಕಾಲ ಬಳಿ ಇರುತ್ತಿತ್ತು.

ಇದನ್ನು ಅವನು ಮನೆಯವರನ್ನು ಬಿಟ್ಟು ಹೇಳಿದ್ದು ಒಬ್ಬನಿಗೆ ಮಾತ್ರ. ಅವನ ಜೊತೆ ಓಪನಿಂಗ್ ಇಳಿಯುತ್ತಿದ್ದ ಜೊತೆಗಾರನಿಗೆ. ಓವರ್ ಮುಗಿದಾಗ ಇಬ್ಬರೂ ಪಿಚ್ಚಿನ ನಡುವೆ ನಿಂತು ಗ್ಲೌಸಿಗೆ ಗ್ಲೌಸು ತಟ್ಟುವುದಿರುತ್ತದಲ್ಲ, ಅಲ್ಲಿ ಆಡಿದ ಮಾತು ಮೂರನೆಯ ಕಿವಿಗೆ ಹೋಗಬಾರದು. ಓಪನರ್‌ಗಳ ಕಟ್ಟಳೆ ಅದು. ಅಲ್ಲೇ ಒಂದು ದಿನ ಗೂಟ ಬಾಯಿಬಿಟ್ಟ.

"ಎಡಗೈಯವನು ಹಾಕಿದ್ರೆ ಚೆಂಡು ನನ್ನ ಮೂಗಿನ ಹಿಂದೆ ಹೋಗ್ಬಿಡುತ್ತೆ ಕಣೋ."

ಜೊತೆಗಾರ ನಗಲಿಲ್ಲ. "ಹಾಗಾದ್ರೆ ಅವನನ್ನ ನಾನು ನೋಡ್ಕೋತೀನಿ. ನೀನು ಆ ಕಡೆ ನಿಂತ್ಕೊಂಡಿರು," ಎಂದ.

ಹೇಳಿದ ಹಾಗೇ ನಡೆದುಕೊಂಡ, ಅದನ್ನು ಇಲ್ಲ ಎನ್ನಬಾರದು. ಎಡಗೈ ಬೌಲರ್ ಕೈಗೆ ಚೆಂಡು ಬರುವ ಹೊತ್ತಿಗೆ ಎದುರಿಗೆ ತಾನೇ ಇರುವ ಹಾಗೆ ರನ್ನು ಕದಿಯುತ್ತಿದ್ದ. ಓವರಿನ ಐದು ಚೆಂಡು ತಾನು ಆಡಿ ಆರನೆಯದಕ್ಕೆ ಓಡಿ ಮತ್ತೆ ತಾನೇ ಎದುರಿಗೆ ನಿಲ್ಲುತ್ತಿದ್ದ. ಗೂಟ ಆ ತುದಿಯಲ್ಲಿ ನಿಂತು ಅವನನ್ನೇ ನೋಡುತ್ತಿದ್ದ. ಗಂಡು ಅಂದರೆ ಇವನು ಎಂದುಕೊಳ್ಳುತ್ತಿದ್ದ. ಆಟದ ನಂತರ ಮನೆಗೆ ಕರೆದುಕೊಂಡು ಬರತೊಡಗಿದ. ಅಕ್ಕ ಅವನ ಪ್ಯಾಂಟಿನ ಅಂಚು ಬಿಚ್ಚಿ ಉದ್ದ ಮಾಡಿಕೊಟ್ಟಳು. ಆಮೇಲೆ ಅಂಗಿಗೆ ಗುಂಡಿ ಹಾಕಿಕೊಟ್ಟಳು. ಗುಂಡಿ ಕಿತ್ತುಹೋಗುವ ವೇಗ ಜಾಸ್ತಿಯಾದಾಗ ತಮ್ಮನಿಗೆ ವಿಷಯ ತಿಳಿಯಿತು. ಮದುವೆ ಮಾಡಿಕೊಟ್ಟವನು ಅವನೇ, ತಂದೆ ಇರಲಿಲ್ಲ. ಜೊತೆಗಾರ ಭಾವನಾದ.

ಆ ನಂತರದ ವರ್ಷ ದೇಶದ ತಂಡದಲ್ಲಿ ಒಬ್ಬ ಓಪನರ್‌ಗೆ ಜಾಗ ಖಾಲಿಯಾಯಿತು. ಒಬ್ಬನಿಗೇ. ಪತ್ರಿಕೆಯವರು ಗೂಟನ ಹೆಸರನ್ನೂ ಬರೆದರು, ಭಾವನ ಹೆಸರನ್ನೂ ಬರೆದರು. ಅಕ್ಕ ಬಸುರಿ. ಮನೆಯಲ್ಲಿ ಯಾರಿಗೆ ಸಿಕ್ಕಿದರೂ ಸಂತೋಷವೇ ಎಂದು ಎಲ್ಲರೂ ಹೇಳಿಕೊಂಡು ತಿರುಗುತ್ತಿದ್ದರು.

ಆ ಸೀಸನ್ನಿನಲ್ಲೇ ಗೂಟ ಕಿತ್ತುಹೋಯಿತು. ನೆರೆ ಪ್ರಾಂತ್ಯದವರು ಮೊದಲ ಓವರಿನಿಂದಲೇ ಎರಡೂ ಕಡೆಯಿಂದ ಎಡಗೈಯವರನ್ನೇ ಹಚ್ಚಿದರು. ಅಷ್ಟೇ ಅಲ್ಲ, ಭಾವ ಎದುರಿಗಿದ್ದಾಗ ಫೀಲ್ಡರ್‌ಗಳನ್ನು ಹಿಂದಕ್ಕೆ ಕಳಿಸಿ ಮೊದಲ ಚೆಂಡಿಗೇ ಒಂದು ರನ್ನು ದಾನ ಮಾಡುತ್ತಿದ್ದರು. ಭಾವ ಆ ರನ್ನು ತೆಗೆದುಕೊಳ್ಳುತ್ತಿದ್ದ. ಉಳಿದ ಐದು ಚೆಂಡು ಗೂಟನ ಪಾಲು. ಒಂದು ತಂಡ ಮಾಡಿದ್ದನ್ನು ನೋಡಿ ಇನ್ನೊಂದು ತಂಡ ಕಲಿಯಿತು. ಬೌಲ್ಡ್, ಬೌಲ್ಡ್, ಕಾಲಿಗೆ ತಗಲಿ ಔಟು, ಮತ್ತೆ ಬೌಲ್ಡ್. ಭಾವ ಆ ರನ್ನು ಬಿಡಬಹುದಿತ್ತಲ್ಲ ಎಂಬ ಯೋಚನೆ ಒಂದೆರಡು ಸಲ ಅವನಿಗೆ ಬಂತು. ರನ್ನು ಎಂದರೆ ರನ್ನು, ಬಿಡಲು ಅವನಿಗೇನು ಹುಚ್ಚೇ ಎಂದು ತಾನೇ ತಲೆ ಮೊಟಕಿಕೊಂಡ.

ಜಾಗ ಭಾವನಿಗೆ ಸಿಕ್ಕಿತು. ದೇಶಕ್ಕೆ ಆಡಿದ್ದು ಬೆರಳೆಣಿಕೆಯ ಮ್ಯಾಚು, ಹೊಡೆದದ್ದೂ ಹೇಳಿಕೊಳ್ಳುವಂಥದ್ದಲ್ಲ. ಆದರೆ ದೇಶಕ್ಕೆ ಆಡಿದವನು ಎಂಬ ಮಾತು ಸಾಯುವವರೆಗೆ ಅನ್ನ ಹಾಕುತ್ತದೆ. ಆಟ ಬಿಟ್ಟಮೇಲೆ ಭಾವ ಪ್ರಾಂತ್ಯದ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿಯಾದ. ಗೂಟ ಇನ್ನೂ ಕೆಲವು ವರ್ಷ ಆಡಿ, ಆಮೇಲೆ ಶಾಲೆಗಳಲ್ಲಿ, ಕ್ಲಬ್ಬುಗಳಲ್ಲಿ ಕೋಚ್ ಆಗಿ ಹೊಟ್ಟೆ ಹೊರೆದುಕೊಂಡ. ಮದುವೆಯ ಯೋಗ ಬರಲಿಲ್ಲ. ಅವನಿಗೆ ತನ್ನವರು ಎಂದು ಇದ್ದದ್ದು ಅಕ್ಕ ಮತ್ತು ಅಕ್ಕನ ಮಗ.

ಆ ಅಳಿಯ ಬ್ಯಾಟು ಹಿಡಿದ ದಿನವೇ ಗೂಟನಿಗೆ ಗೊತ್ತಾಯಿತು. ಎಡಗಣ್ಣು ಸೋಮಾರಿ. ತಾಯಿಯ ಕಡೆಯ ಆಸ್ತಿ ಬೇರೇನೂ ಇರಲಿಲ್ಲ, ಅದೊಂದೇ ಇತ್ತು, ಅದು ಬಂದಿತ್ತು. ಅಕ್ಕ ಕಣ್ಣೀರು ಹಾಕಿದಳು. "ಅಳೋದ್ಯಾಕೆ? ನಾನಿಲ್ವಾ?" ಎಂದ ಗೂಟ. ಮನೆಯ ಪಡಸಾಲೆಯಲ್ಲಿ ಕಾಲುಚೀಲದೊಳಗೆ ಚೆಂಡು ಕಟ್ಟಿ ನೇತುಹಾಕಿ, ತಾನು ತನಗಾಗಿ ಕಂಡುಕೊಂಡದ್ದನ್ನೆಲ್ಲ ಹುಡುಗನಿಗೆ ಧಾರೆಯೆರೆದ. ಕಾಲು ತೆರೆ. ಗದ್ದ ಭುಜದ ಮೇಲೆ. ಇನ್ನೂ ಒತ್ತು. ಹುಡುಗ ಬೆಳೆದ. ಮಾವನಂತೆ ಗೂಟವಾಗಲಿಲ್ಲ, ಹೊಡೆಯುವವನಾದ. ಎಡಗೈಯವರನ್ನೂ ಹೇಗೋ ನಿಭಾಯಿಸುತ್ತಿದ್ದ. ಯಾರಿಗೂ ಗೊತ್ತಿಲ್ಲದ್ದರಿಂದ ಯಾರೂ ಅವನಿಗೆ ಅಲ್ಲೇ ಗುರಿಯಿಟ್ಟು ಹಾಕುತ್ತಿರಲಿಲ್ಲ. ಇಪ್ಪತ್ತು ದಾಟುವಷ್ಟರಲ್ಲಿ ಪ್ರಾಂತ್ಯದ ತಂಡಕ್ಕೆ ಬಂದ.

ಅವನು ಬಂದದ್ದೇ ಭಾವ ಗೂಟನನ್ನು ಕಚೇರಿಗೆ ಕರೆದ. ತನ್ನನ್ನು ಪ್ರಾಂತ್ಯದ ತಂಡಕ್ಕೆ ಕೋಚ್ ಮಾಡುತ್ತಾನೆ ಎಂದು ಗೂಟ ಒಗೆದು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋಗಿದ್ದ.

"ನೋಡು, ಮಗ ತಂಡದಲ್ಲಿ, ನಾನು ಈ ಕುರ್ಚಿಯಲ್ಲಿ, ನೀನೂ ಬಂದ್ರೆ ಜನ ಸುಮ್ನಿರ್ತಾರಾ?" ಎಂದ ಭಾವ. "ಹಿತ್ತಲ ಗಿಡ ಮದ್ದಲ್ಲ ಕಣೋ. ಪಕ್ಕದ ಪ್ರಾಂತ್ಯದವರ ಹತ್ರ ಮಾತಾಡಿದ್ದೀನಿ. ಸಂಬಳ ನಮ್ಮದಕ್ಕಿಂತ ಚೆನ್ನಾಗಿದೆ."

ಗೂಟ ಥ್ಯಾಂಕ್ಸ್ ಹೇಳಿ ಬಂದ. ಅವನ ಜಾತಿಯೇ ಹಾಗೆ, ಬೆನ್ನಿಗೆ ಗುದ್ದಿದರೂ ಬೆನ್ನು ತಟ್ಟಿದರು ಎಂದುಕೊಳ್ಳುವವರದು.

ನೆರೆ ಪ್ರಾಂತ್ಯದಲ್ಲಿ ಅವನನ್ನು ಬರಮಾಡಿಕೊಂಡವನು ತಂಡದ ಮ್ಯಾನೇಜರ್, ಹಳೆಯ ಎಡಗೈ ವೇಗಿ. ಎಲ್ಲರ ಬಾಯಲ್ಲೂ ಎಡಚ. ಆ ಸೀಸನ್ನಿನಲ್ಲಿ ಗೂಟವನ್ನು ಮತ್ತೆ ಮತ್ತೆ ಕಿತ್ತವನು ಇವನೇ. ಈಗ ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು, ನಗು ಮಾತ್ರ ಹಾಗೇ ಇತ್ತು. ಮನಸ್ಸಿನಲ್ಲಿ ವಿಷವಿಲ್ಲ, ಬಾಯಿಗೆ ಬಾಗಿಲಿಲ್ಲ. ಒಂದು ಮಧ್ಯಾಹ್ನ ಡ್ರೆಸಿಂಗ್ ರೂಮಿನಲ್ಲಿ ಕೂತು ಇಬ್ಬರೂ ಬ್ಯಾಟುಗಳ ಹಿಡಿಗೆ ಪಟ್ಟಿ ಸುತ್ತುತ್ತಿದ್ದಾಗ ಎಡಚನಿಗೆ ಹಳೆಯದು ನೆನಪಾಯಿತು.

"ಎಷ್ಟು ಸಲ ತೆಗೆದೆನಪ್ಪಾ ನಿನ್ನ! ಎಲ್ಲಾ ನಿಮ್ಮ ಭಾವನ ಪುಣ್ಯ."

"ಅಂದ್ರೆ?"

"ಅಯ್ಯೋ, ನಿನಗೆ ಗೊತ್ತಿಲ್ವಾ?" ಎಡಚನ ಕೈ ನಿಂತಿತು. "ಇಷ್ಟು ವರ್ಷ ಆಯ್ತಲ್ಲ, ಮನೆಮಂದಿ ಮಾತಾಡಿ ನಕ್ಕು ಮುಗಿಸಿರ್ತೀರ ಅಂದ್ಕೊಂಡಿದ್ದೆ. ಸೀಸನ್ ಶುರುವಾಗೋ ಮೊದಲು ಬಂದಿದ್ನಲ್ಲ, ಇದೇ ರೂಮಿಗೆ. ನಮ್ಮ ಆಗಿನ ಕ್ಯಾಪ್ಟನ್ ಅವನ ಸ್ನೇಹಿತ. ಇಬ್ಬರು ಎಡಗೈಯವರನ್ನ ಹಾಕಿ, ನನಗೆ ಒಂದು ರನ್ ಬಿಟ್ಟುಕೊಡಿ, ಚೆಂಡು ಅವನ ಮೂಗಿನ ಹಿಂದೆ ಹೋಗೋ ಹಾಗೆ ಹಾಕಿ ಅಂದ. ನಾವು ನಂಬಲೇ ಇಲ್ಲ. ಹಾಕಿ ನೋಡಿದ್ವಿ. ನೀನು ಹೋದೆ."

ಬೇರೆ ಯಾವ ಮಾತು ಹೇಳಿದ್ದರೂ ಗೂಟ ಸುಳ್ಳು ಎನ್ನುತ್ತಿದ್ದ. ಆದರೆ ಮೂಗಿನ ಹಿಂದೆ ಎಂಬ ಮಾತು ಅವನದೇ. ಪಿಚ್ಚಿನ ನಡುವೆ ಒಬ್ಬನ ಕಿವಿಗೆ ಹಾಕಿದ್ದ ಮಾತು ಅರ್ಧ ಆಯುಸ್ಸು ಸುತ್ತಾಡಿ ಬಂದು ಅವನ ಕಿವಿಗೇ ಬಿದ್ದಿತ್ತು. ಅವನು ಬ್ಯಾಟನ್ನು ಕೆಳಗಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತ. ಜಾಗ ಹೋದದ್ದಕ್ಕಲ್ಲ, ಅದಕ್ಕೆ ಅಳುವ ಕಾಲ ಮುಗಿದಿತ್ತು. ಗಂಡು ಅಂದರೆ ಇವನು ಎಂದುಕೊಂಡಿದ್ದನಲ್ಲ, ಅದಕ್ಕೆ. ಕೈಯಾರೆ ಅಕ್ಕನನ್ನು ಕೊಟ್ಟನಲ್ಲ, ಅದಕ್ಕೆ. ಉಂಡ ಮನೆಗೆ ಎರಡು ಬಗೆಯುವುದು ಎಂದು ಕೇಳಿದ್ದ. ಉಣ್ಣುತ್ತಿರುವಾಗಲೇ ಬಗೆಯುವವರನ್ನು ನೋಡಿರಲಿಲ್ಲ.

ಯಾರಿಗೆ ಹೇಳಬೇಕು? ಅಕ್ಕನಿಗೆ? ಗಂಡನ ಮುಖವನ್ನು ಅವಳು ನಾಳೆ ಬೆಳಿಗ್ಗೆಯೂ ನೋಡಬೇಕು. ಇಷ್ಟು ವರ್ಷ ಸುಖವಾಗಿ ಸಾಗಿದ ಸಂಸಾರದಲ್ಲಿ ತಾನು ಹುಳಿ ಹಿಂಡುವುದೇ? ಬೇಡವೆಂದು ನುಂಗಿಕೊಂಡ. ನುಂಗಿದ್ದು ಕೆಳಗೂ ಇಳಿಯಲಿಲ್ಲ, ಮೇಲಕ್ಕೂ ಬರಲಿಲ್ಲ.

ಅಷ್ಟರಲ್ಲಿ ಅಕ್ಕನ ಫೋನು ಬಂತು. ಎರಡು ಪ್ರಾಂತ್ಯಗಳ ಪಂದ್ಯ ಮುಂದಿನ ವಾರ, ಗೂಟನ ತಂಡದ ಮೈದಾನದಲ್ಲೇ, ನೋಡಲು ದೇಶದ ಸೆಲೆಕ್ಟರ್‌ಗಳು ಬರುತ್ತಾರೆ.

"ಈ ಒಂದು ಮ್ಯಾಚಲ್ಲಿ ಹೊಡೆದ್ರೆ ಸಾಕಂತೆ, ಕರೀತಾರಂತೆ. ನಿನ್ನ ತಂಡದ ಮೇಲೇ ಆಡ್ಬೇಕು ನೋಡು." ಅಕ್ಕ ದನಿ ತಗ್ಗಿಸಿದಳು. "ಅವನ ಕಣ್ಣಿನ ವಿಷಯ..."

"ನನ್ನ ಬಾಯಿಂದ ಬರಲ್ಲ ಅಕ್ಕ."

"ಆಣೆ?"

"ಆಣೆ. ಇದನ್ನೂ ಕೇಳ್ಬೇಕಾ?"

ಪಂದ್ಯದ ಹಿಂದಿನ ಸಂಜೆ ತಂಡದ ಸಭೆ. ಎದುರಾಳಿಗಳ ಅಭ್ಯಾಸ ನೋಡಿ ಬಂದಿದ್ದ ಎಡಚ ಕುರ್ಚಿ ಎಳೆದುಕೊಂಡು ಕೂತವನೇ ಶುರುಮಾಡಿದ.

"ಆ ಹುಡುಗ ಓಪನರ್ ಇದ್ದಾನಲ್ಲ, ಕಾಲು ತೆರೆದು, ಗದ್ದ ಭುಜದ ಮೇಲೆ ಇಟ್ಟು ನಿಲ್ತಾನೆ. ಇದನ್ನೆಲ್ಲೋ ನೋಡಿದ್ದೀನಲ್ಲ ಅಂತ ತಲೆ ಕೆರ್ಕೊಂಡೆ. ಆಮೇಲೆ ಹೊಳೀತು. ಥೇಟ್ ನಮ್ಮ ಗೂಟ! ನಿಲ್ಲೋದು ಹಾಗೇ ಇದ್ರೆ ಕಾಣೋದೂ ಹಾಗೇ ಇರ್ಬೇಕು. ಮೊದಲ ಓವರಿಂದಲೇ ಎಡಗೈ ಹಚ್ಚೋಣ."

ಗೂಟ ಹುಡುಗನ ಮೇಲಿನ ಪ್ರೀತಿಗೆ ತನ್ನ ನಿಲುವನ್ನೇ ಕಲಿಸಿದ್ದ. ತನ್ನ ಗುಟ್ಟು ಗೊತ್ತಿದ್ದವನಿಗೆ ಆ ನಿಲುವೇ ಡಂಗುರ ಎಂದು ಆಗ ಅವನಿಗೆ ತೋಚಿರಲಿಲ್ಲ. ತನ್ನ ಗುಟ್ಟು ಯಾರಿಗೂ ಗೊತ್ತಿಲ್ಲ ಎಂದೇ ಅಲ್ಲವೇ ಅವನು ನಂಬಿದ್ದು!

"ಬೇಡ," ಎಂದ. ಧ್ವನಿ ಜೋರಾಯಿತು. "ಪಿಚ್ ಮೇಲೆ ಹುಲ್ಲಿದೆ. ಬಲಗೈಯವರು ಇಬ್ಬರೂ ಚೆನ್ನಾಗಿ ಸ್ವಿಂಗ್ ಮಾಡ್ತಿದ್ದಾರೆ. ಹೊಸ ಚೆಂಡು ಅವರಿಗೇ."

"ಅವನು ನಿನ್ನ ಅಳಿಯ ಅಲ್ವಾ?" ಎಡಚ ನಗುತ್ತಲೇ ಕೇಳಿದ. "ನೀನು ಯಾರ ಕೋಚಪ್ಪಾ?"

ಕ್ಯಾಪ್ಟನ್ ಸಣ್ಣ ವಯಸ್ಸಿನವನು, ಕೋಚಿನ ಮಾತಿಗೆ ತಲೆಯಾಡಿಸಿದ. ತಿನ್ನುವ ಅನ್ನಕ್ಕೆ ದ್ರೋಹ ಮಾಡಿದೆನೆಂದು ಗೂಟನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮಾಡಿದ. ಅಕ್ಕನ ಆಣೆ ದೊಡ್ಡದೆನಿಸಿತು.

ಬೆಳಿಗ್ಗೆ ಬಲಗೈಯವರೇ ಶುರುಮಾಡಿದರು. ಅಳಿಯ ಅವರನ್ನು ಚಿಂದಿ ಮಾಡಿದ. ಹೊಸ ಚೆಂಡು ಬೇಲಿಗೆ ಬಡಿದು ಬಡಿದು ಹಳೆಯದಾಯಿತು. ಸೆಲೆಕ್ಟರ್‌ಗಳು ಮುಂದೆ ಬಾಗಿ ಕೂತರು. ಅವರ ಹಿಂದಿನ ಸಾಲಿನಲ್ಲಿ ಅಕ್ಕ, ಪಕ್ಕದಲ್ಲಿ ಭಾವ. ಗೂಟ ಎದುರಿನ ಬಾಲ್ಕನಿಯಲ್ಲಿ ನಿಂತು ಮುಖ ಗಂಟು ಹಾಕಿಕೊಂಡಿದ್ದ, ಕೋಚ್ ಅಲ್ಲವೇ, ನಗುವ ಹಾಗಿರಲಿಲ್ಲ. ಹೊಟ್ಟೆಯೊಳಗೆ ನಗುತ್ತಿದ್ದ.

ಎಡಚನಿಗೆ ತಡೆಯಲಾಗಲಿಲ್ಲ. ಗೂಟನ ಕಡೆ ನೋಡಲೂ ಇಲ್ಲ, ಬಾಲ್ಕನಿಯ ಅಂಚಿಗೆ ಹೋಗಿ ಕ್ಯಾಪ್ಟನ್‌ಗೆ ಕಾಣುವಂತೆ ತನ್ನ ಎಡಗೈ ಎತ್ತಿದ. ಕ್ಯಾಪ್ಟನ್ ಮೊದಲು ಗೂಟನನ್ನು ನೋಡಿದ, ಆಮೇಲೆ ಸ್ಕೋರ್ ಬೋರ್ಡ್ ನೋಡಿದ. ಎಡಗೈ ವೇಗಿಯನ್ನು ಕರೆದ.

ಮೊದಲ ಚೆಂಡು ಸ್ಟಂಪಿನ ಪಕ್ಕದಲ್ಲೇ ಹೋಯಿತು. ಎರಡನೆಯದು ಪ್ಯಾಡಿಗೆ ಬಡಿಯಿತು. ಅಳಿಯ ಗದ್ದವನ್ನು ಇನ್ನೂ ಒತ್ತಿದ, ಕತ್ತು ನೋಯುವಷ್ಟು ಒತ್ತಿದ. ಗೂಟನ ಕತ್ತೂ ತಾನಾಗಿ ತಿರುಗಿತು. ಮೂರನೆಯದು ಹೊರಗಿಂದ ಒಳಗೆ ಹೊರಳಿ ನಡುವಿನ ಸ್ಟಂಪನ್ನು ಕೆಡವಿತು. ಬ್ಯಾಟು ಆಗಿನ್ನೂ ಕೆಳಗಿಳಿಯುತ್ತಿತ್ತು. ಅಳಿಯ ಬಿದ್ದ ಸ್ಟಂಪು ನೋಡಲಿಲ್ಲ, ಬೌಲರನ್ನು ನೋಡಲಿಲ್ಲ. ತಲೆಯೆತ್ತಿ ನೇರ ಬಾಲ್ಕನಿಯಲ್ಲಿದ್ದ ಮಾವನನ್ನು ನೋಡಿದ.

ಎರಡನೆಯ ಸಲ ಬ್ಯಾಟಿಂಗ್ ಬಂದಾಗ ಮೊದಲ ಓವರಿನಿಂದಲೇ ಎಡಗೈ. ಆ ಸಲ ಅವನು ಬೇಲಿಯ ಮುಖವನ್ನೂ ನೋಡಲಿಲ್ಲ. ಸೆಲೆಕ್ಟರ್‌ಗಳು ಚಹಾಕ್ಕೂ ಕಾಯದೆ ಕಾರು ಹತ್ತಿದರು.

ಆಟ ಮುಗಿದ ಮೇಲೆ ಎರಡು ಡ್ರೆಸಿಂಗ್ ರೂಮುಗಳ ನಡುವಿನ ಓಣಿಯಲ್ಲಿ ಅಕ್ಕ ನಿಂತಿದ್ದಳು, ಹಿಂದೆ ಭಾವ. ಗೂಟನ ತಂಡ ಗೆದ್ದಿತ್ತು. ಬಾಗಿಲಾಚೆ ಹುಡುಗರು ಬೆಂಚು ಬಡಿದು ಕಿರುಚುತ್ತಿದ್ದರು.

"ಆಣೆ ಮಾಡಿದ್ದೆಯಲ್ಲೋ," ಎಂದಳು ಅಕ್ಕ.

"ಅಕ್ಕ, ನಾನು ಹೇಳಿಲ್ಲ."

"ಅವನ ಕಣ್ಣಿನ ವಿಷಯ ಗೊತ್ತಿದ್ದದ್ದು ಮನೆಯವರು ಮೂರು ಜನಕ್ಕೆ, ನೀನು ನಾಲ್ಕನೆಯವನು. ನಮ್ಮ ಮಗನನ್ನ ನಾವೇ ಮಾರ್ಕೊಂಡ್ವಾ ಹಾಗಾದ್ರೆ?"

ಭಾವ ಮುಂದೆ ಬಂದ. ಗೂಟನ ಹೆಗಲ ಮೇಲೆ ಕೈಯಿಟ್ಟ. ಓಣಿಯಲ್ಲಿ ಓಡಾಡುತ್ತಿದ್ದ ನಾಲ್ಕು ಜನಕ್ಕೆ ಕೇಳುವಷ್ಟು ಮೆತ್ತಗೆ ಹೇಳಿದ. "ಹೋಗ್ಲಿ ಬಿಡೇ. ಸಂಬಳ ಕೊಡೋರಿಗೆ ಕೆಲಸ ಮಾಡ್ಬೇಕಲ್ಲ ಅವನು. ನಾನಂತೂ ಹೊಟ್ಟೆಗೆ ಹಾಕ್ಕೊಂಡಿದ್ದೀನಿ."

ಕ್ಷಮಿಸಿದ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಬರೆ ಹಾಕಿದವನೇ ಮುಲಾಮು ಹಿಡಿದು ಬಂದಿದ್ದ. ಗೂಟ ಬದುಕಿನಲ್ಲಿ ಮೊದಲ ಸಲ ಭಾವನ ಕೈಯನ್ನು ತನ್ನ ಮೈಮೇಲಿಂದ ಎತ್ತಿ ಆಚೆಗೆ ಹಾಕಿದ. ನುಂಗಿದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು.

"ಎಡಗೈ ಹಾಕಿ ಅನ್ನೋ ಮಾತು ಈ ರೂಮಿಗೆ ಬಂದಿದ್ದು ಇವತ್ತಲ್ಲ ಅಕ್ಕ. ನಿನ್ನ ಮಗ ಇನ್ನೂ ಹೊಟ್ಟೆಯಲ್ಲಿದ್ದ, ಆಗ ಬಂತು. ನನ್ನ ಕಣ್ಣಿನ ಮೇಲೆ ಬಂತು. ತಂದವರು ಯಾರು ಅಂತ ಇವರನ್ನೇ ಕೇಳು. ಈಗ ಎಡಚ ಹುಡುಗ ನಿಲ್ಲೋದು ನೋಡಿ ಗುರುತು ಹಿಡಿದ, ಅಷ್ಟೇ. ನನ್ನ ಮಾರಿದ ಮಾತೇ ನಿಮ್ಮ ಮಗನನ್ನೂ ಮಾರ್ತು."

ಹೇಳಿ ಅಕ್ಕನ ಮುಖ ನೋಡಿದ. ಅವಳು ಗಂಡನ ಕಡೆ ತಿರುಗುತ್ತಾಳೆ, ಕೂಗುತ್ತಾಳೆ, ಇಲ್ಲವೇ ಕುಸಿಯುತ್ತಾಳೆ, ಹಿಡಿದುಕೊಳ್ಳಬೇಕು ಎಂದು ಒಂದು ಹೆಜ್ಜೆ ಮುಂದಿಟ್ಟ. ಅಕ್ಕ ಅಲುಗಾಡಲಿಲ್ಲ.

"ಗೊತ್ತು," ಎಂದಳು.

"ಏನು ಗೊತ್ತು?"

"ಅವತ್ತೇ ಹೇಳಿದ್ರು. ಕಾಲು ಹಿಡ್ಕೊಂಡು ಅತ್ರು. ಹೊಟ್ಟೆಯಲ್ಲಿ ಮಗು, ನಾನೇನು ಮಾಡ್ಲಿ? ನಿನಗೆ ಗೊತ್ತಾಗದ ಹಾಗೆ ನೋಡ್ಕೊಂಡೆ. ಯಾವತ್ತಾದ್ರೂ ಗೊತ್ತಾಗುತ್ತೆ, ಗೊತ್ತಾದ ದಿನ ನನ್ನ ಮಗನ ಮೇಲೆ ತೀರಿಸ್ಕೋತೀಯ ಅಂತ ಹೆದರ್ಕೊಂಡೇ ಬದುಕಿದೆ."

"ಗೊತ್ತಾಯ್ತು. ಆದ್ರೂ ನಾನು ಹೇಳ್ಲಿಲ್ಲ ಅಕ್ಕ. ಎಡಗೈ ಬೇಡ ಅಂತ ನಮ್ಮವರ ಹತ್ರಾನೇ ಜಗಳ ಆಡಿದೆ."

ಅಕ್ಕ ಅವನನ್ನು ಒಂದು ಗಳಿಗೆ ದಿಟ್ಟಿಸಿದಳು. ನಂಬಲು ಪ್ರಯತ್ನಪಟ್ಟಳೆಂದೇ ಅವನಿಗೆ ಅನ್ನಿಸಿತು. ಆಮೇಲೆ ಇಲ್ಲವೆಂದು ತಲೆಯಾಡಿಸಿದಳು.

"ಅಷ್ಟೆಲ್ಲ ಗೊತ್ತಾದ ಮೇಲೂ ಹೇಳದೇ ಇರೋಕೆ ನೀನೇನು ದೇವರೇನೋ?"

ಭಾವ ಮಾಡಿದ್ದು ಒಂದು ಸಲ. ಅಕ್ಕ ಅದನ್ನು ಬಚ್ಚಿಟ್ಟುಕೊಂಡೇ ಅವನಿಗೆ ದಿನವೂ ಅನ್ನ ಬಡಿಸಿದ್ದಳು, ನನ್ನ ತಮ್ಮ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡಿದ್ದಳು, ಒಳಗೊಳಗೆ ಅವನಿಗೆ ಹೆದರಿದ್ದಳು. ಅವನಿಗೆ ಭಾವನ ಮೇಲಿನ ಸಿಟ್ಟು ಕೂಡ ಆ ಹೊತ್ತಿಗೆ ಸಣ್ಣದಾಗಿ ಕಂಡಿತು.

ಪಕ್ಕದ ಬಾಗಿಲು ತೆರೆಯಿತು. ಅಳಿಯ ಕಿಟ್ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಬಂದ. ಕಣ್ಣು ಕೆಂಪಾಗಿತ್ತು. ಓಣಿ ಸಣ್ಣದು, ಬ್ಯಾಗು ದೊಡ್ಡದು, ನಡುವೆ ಗೂಟ. ಹುಡುಗ ಅವನ ಮುಂದೆ ಬಂದು ನಿಂತ. ಮಾತು ಕಲಿತ ದಿನದಿಂದ ಮಾಮ ಎಂದು ಕರೆದ ಬಾಯಿ ಅದು.

"ದಾರಿ ಬಿಡಿ ಸರ್," ಎಂದ.

ಗೂಟ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ. ಮೂವರೂ ಅವನ ಮುಂದೆಯೇ ಹಾದು ಹೋದರು.